ಮಲ್ಲಯ್ಯನ ದಾರಿಯ ಮಜಲುಗಳು

ಫಾಲ್ಗುಣ ಮಾಸದಲ್ಲಿ ಬಿಳಿಜೋಳದ ರಾಶಿ ಮುಗಿದು ಹೊಲಗಳು ಬರಿದಾಗುವ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಮಲ್ಲಯ್ಯನ ಕಂಬಿಗಳು ಹೊರಬರುತ್ತವೆ. ಪೂಜೆಗೊಂಡ ಕಂಬಿಯನ್ನು ಹೆಗಲಿಗೇರಿಸಿಕೊಂಡು ಭಕ್ತರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವ ಕನ್ನಡ ನಾಡಿನ ಈ ಜನ ಯುಗಾದಿಯ ವೇಳೆಗೆ ಮಗಳ ಮನೆ ಸೇರಬೇಕು. ಈ ನಡಿಗೆಯ ಭಕ್ತಿಯನ್ನು ಕುರಿತು ಹಾಡುಗಳಿವೆ, ಕಥೆಗಳಿವೆ. ಆದರೆ ಆ ಭಕ್ತಿಯನ್ನು ಹೊತ್ತು ನಡೆಸಿದ ಲೆಕ್ಕಾಚಾರವನ್ನು, ಅಂದರೆ ದಿನಕ್ಕೆಷ್ಟು ದೂರ, ಎಲ್ಲಿ ತಂಗುವುದು, ಬುತ್ತಿಯನ್ನು ಹೊರುವವರು ಯಾರು ಎಂಬುದನ್ನು, ಗಮನಿಸಿದವರು ಕಡಿಮೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನು ದೂರದ ಬೆಟ್ಟಕ್ಕೆ ಏಕೆ ನಡೆಯಬೇಕು ಎಂಬ ಪ್ರಶ್ನೆಗೂ ಈ ಲೆಕ್ಕದಲ್ಲಿಯೇ ಒಂದು ಉತ್ತರ ಅಡಗಿದೆ.

ಗಾವುದವೆಂಬ ಅಳತೆ

ಹಿಂದಿನವರು ದಾರಿಯನ್ನು ಹರದಾರಿ ಮತ್ತು ಗಾವುದಗಳಲ್ಲಿ ಅಳೆಯುತ್ತಿದ್ದರು. ರೂಢಿಯ ಲೆಕ್ಕದಲ್ಲಿ ಒಂದು ಹರದಾರಿ ಎಂದರೆ ಸುಮಾರು 3 ಮೈಲಿ. ನಾಲ್ಕು ಹರದಾರಿಗೆ ಒಂದು ಗಾವುದ. ಈಗಿನ ಅಳತೆಯಲ್ಲಿ ಗಾವುದವೆಂದರೆ ಸುಮಾರು 19 ಕಿ.ಮೀ. ಮುದುಕರು, ಹೆಂಗಸರು, ಮಕ್ಕಳು ಕೂಡಿರುವ ಪರುಷೆಯೊಂದು ಹೊತ್ತು ಮೂಡುವ ಮೊದಲು ಹೊರಟು, ಬಿಸಿಲೇರಿದಾಗ ಮರದ ನೆರಳಲ್ಲಿ ವಿಶ್ರಮಿಸಿ, ಸಂಜೆ ಮತ್ತೆ ನಡೆದು, ಅಡಿಗೆಗೂ ಪೂಜೆಗೂ ವೇಳೆ ಉಳಿಸಿಕೊಂಡು ಕ್ರಮಿಸಬಹುದಾದ ದೂರವೂ ಹೆಚ್ಚುಕಡಿಮೆ ಅಷ್ಟೇ. ಬಲ್ಲಿದನಾದ ಒಬ್ಬ ಯುವಕನು ಒಂದು ದಿನದಲ್ಲಿ ಎರಡು ಗಾವುದ ನಡೆದಾನು. ಆದರೆ ಪರುಷೆಯ ಮಜಲನ್ನು ಅವನ ಕಾಲಿನಿಂದ ಅಳೆಯುವಂತಿರಲಿಲ್ಲ.

ಬಾಗಲಕೋಟೆಯಿಂದ ಶ್ರೀಶೈಲಕ್ಕೆ ನೇರ ಗೆರೆ ಎಳೆದರೂ 330 ಕಿ.ಮೀ.ಗಿಂತ ಹೆಚ್ಚು ದೂರವಾಗುತ್ತದೆ. ಬಳಸುವ ದಾರಿ ಇನ್ನೂ ಹೆಚ್ಚು. ದಿನಕ್ಕೊಂದು ಗಾವುದದಂತೆ ನಡೆದರೆ ಮೂರು ವಾರ ಬೇಕು. ಆದ್ದರಿಂದ ಹಿರಿಯರು ಲೆಕ್ಕವನ್ನು ಊರಿನಿಂದ ಹಾಕದೆ ಬೆಟ್ಟದಿಂದ ಹಿಂದಕ್ಕೆ ಹಾಕಬೇಕಾಗುತ್ತಿತ್ತು. ಚೈತ್ರ ಶುದ್ಧ ಪಾಡ್ಯದ ದಿನ ಸನ್ನಿಧಿಯಲ್ಲಿರಬೇಕಾದರೆ ಕಾಡನ್ನು ಎಂದು ಹೊಗಬೇಕು, ತುಂಗಭದ್ರೆಯನ್ನು ಎಂದು ದಾಟಬೇಕು, ಊರನ್ನು ಎಂದು ಬಿಡಬೇಕು ಎಂಬ ಕ್ರಮ ಅದು. ಕಾಲವೂ ಅದಕ್ಕೆ ಒದಗಿಬರುತ್ತಿತ್ತು. ರೈತನಿಗೆ ಬಿಡುವು, ಕಣಜದಲ್ಲಿ ಹೊಸ ಜೋಳ, ನದಿಗಳಲ್ಲಿ ಇಳಿದ ನೀರು. ಆದರೆ ನದಿ ಇಳಿಯುವ ಕಾಲವೇ ಕೆರೆಬಾವಿಗಳು ಬತ್ತುವ ಕಾಲವೂ ಹೌದು. ಹೀಗಾಗಿ ಮಜಲನ್ನು ನಿರ್ಧರಿಸುತ್ತಿದ್ದವು ಎರಡೇ: ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಶಕ್ತಿ ಮತ್ತು ಮುಂದಿನ ನೀರಿನ ನೆಲೆ.

ಅಕ್ಕ ನಡೆದ ದೂರ

ಈ ಲೆಕ್ಕವನ್ನು ಮುಂದಿಟ್ಟುಕೊಂಡು ಅಕ್ಕಮಹಾದೇವಿಯವರ ಪಯಣವನ್ನು ನೋಡಿದರೆ ಅದರ ಗಹನತೆ ತಿಳಿಯುತ್ತದೆ. ಉಡುತಡಿ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯಲ್ಲಿದೆ. ಶೂನ್ಯಸಂಪಾದನೆಯ ಪರಂಪರೆಯಂತೆ ಅವರು ಅಲ್ಲಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ನಡೆದರು. ಉಡುತಡಿಯಿಂದ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನೇರ ಗೆರೆಯಲ್ಲಿ ಅಳೆದರೂ ಒಟ್ಟು ಸುಮಾರು 700 ಕಿ.ಮೀ. ಆಗುತ್ತದೆ. ದಿನಕ್ಕೊಂದು ಗಾವುದದಂತೆ, ಒಂದು ದಿನವೂ ನಿಲ್ಲದೆ ನಡೆದರೂ ಮೂವತ್ತೇಳು ದಿನಗಳ ದಾರಿ. ನದಿ, ಗುಡ್ಡಗಳನ್ನು ಬಳಸಿ ಹೋಗುವ ನೈಜ ದಾರಿ ಅದಕ್ಕಿಂತ ಬಹಳ ದೀರ್ಘ.

ಆ ದಾರಿಯಲ್ಲಿ ಅವರಿಗೆ ಬಂಡಿಯಿರಲಿಲ್ಲ, ಬುತ್ತಿಯ ಗಂಟಿರಲಿಲ್ಲ, ಕಾವಲಿನ ಜನರಿರಲಿಲ್ಲ. ಹಸಿವು, ಬಾಯಾರಿಕೆ, ನಿದ್ರೆ, ಸಂಗಾತ ಈ ನಾಲ್ಕಕ್ಕೂ ತಮಗೆ ಏನು ಆಸರೆ ಎಂಬುದನ್ನು ಅವರು ಪ್ರಸಿದ್ಧವಾದ ವಚನವೊಂದರಲ್ಲಿ ಒಂದೊಂದಾಗಿ ಎಣಿಸಿ ಹೇಳಿದ್ದಾರೆ. ಆ ವಚನವನ್ನು ಸಾಮಾನ್ಯವಾಗಿ ವೈರಾಗ್ಯದ ಪರಾಕಾಷ್ಠೆಯೆಂದು ವ್ಯಾಖ್ಯಾನಿಸುವುದುಂಟು, ಅದು ಸರಿಯೇ. ಆದರೆ ಅದು ದಾರಿ ನಡೆದವರ ಅನುಭವದ ಮಾತು ಕೂಡ. ಇಂದಿಗೂ ಪಾದಯಾತ್ರೆಯ ಯೋಜನೆ ಮಾಡುವವರು ಮೊದಲು ಬರೆದುಕೊಳ್ಳುವುದು ಈ ನಾಲ್ಕನ್ನೇ: ಅನ್ನ, ನೀರು, ತಂಗುದಾಣ, ಜೊತೆ. ಮೊದಲ ಮೂರನ್ನು ಅಕ್ಕ ಹೆಗಲ ಮೇಲೆ ಹೊರಲಿಲ್ಲ, ದಾರಿಯ ಊರುಗಳಿಗೆ ಬಿಟ್ಟರು. ಯಾರೋ ಅಗೆದ ಬಾವಿ, ಯಾರೋ ಬೇಯಿಸಿದ ಅನ್ನ, ಯಾರೋ ಕಟ್ಟಿಸಿ ಮರೆತ ಗುಡಿ ಅವರನ್ನು ಕದಳಿಯವರೆಗೆ ಕಾಪಾಡಿದವು. ನಾಲ್ಕನೆಯದನ್ನು ಮಾತ್ರ ಅವರು ಚೆನ್ನಮಲ್ಲಿಕಾರ್ಜುನನಲ್ಲಿ ಕಂಡುಕೊಂಡರು.

ಬಂಡಿಯ ದಾರಿ

ಎಲ್ಲರೂ ಅಕ್ಕನಾಗಲಾರರು. ಸಂಸಾರಿಗಳಾದ ಭಕ್ತರ ಪರುಷೆಗೆ ಎತ್ತಿನ ಬಂಡಿ ಬೇಕಾಯಿತು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಜೋಳದ ಹಿಟ್ಟು, ಬೆಲ್ಲ, ಎತ್ತುಗಳಿಗೆ ಮೇವು ಇಷ್ಟೂ ಬಂಡಿಯ ಮೇಲೆ. ಕಂಬಿ ಮಾತ್ರ ಹೆಗಲ ಮೇಲೆ. ಚೆನ್ನಾಗಿ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡದು. ಉತ್ತರ ಕರ್ನಾಟಕದ ತಾಯಂದಿರ ಈ ಜಾಣ್ಮೆಯಿಲ್ಲದೆ ಇಷ್ಟು ದೀರ್ಘವಾದ ನಡಿಗೆ ಸಾಧ್ಯವಾಗುತ್ತಿರಲಿಲ್ಲ. ಆದರೆ ಬಂಡಿಯೂ ಮಜಲನ್ನು ಹಿಗ್ಗಿಸಲಿಲ್ಲ. ಹೊರೆ ಎಳೆಯುವ ಎತ್ತು ಮನುಷ್ಯನ ನಡಿಗೆಯಲ್ಲೇ ನಡೆಯುತ್ತದೆ. ಅದಕ್ಕೂ ನೀರು, ನೆರಳು, ಮೆಲುಕು ಹಾಕುವ ವೇಳೆ ಬೇಕು.

ರಾಯಚೂರಿನಿಂದ ಕರ್ನೂಲಿಗೆ ಸುಮಾರು 100 ಕಿ.ಮೀ., ಎಂದರೆ ಐದು ಗಾವುದಗಳ ದಾರಿ. ಅಲ್ಲಿ ತುಂಗಭದ್ರೆಯನ್ನು ದಾಟಬೇಕು. ಕರ್ನೂಲಿನ ಹೆಸರಿನ ಬಗೆಗೇ ಬಂಡಿಗೆ ಸಂಬಂಧಿಸಿದ ಐತಿಹ್ಯವೊಂದಿದೆ. ಅಲಂಪುರದ ದೇಗುಲಗಳಿಗೆ ಕಲ್ಲು ಸಾಗಿಸುತ್ತಿದ್ದ ಬಂಡಿಗಳು ನದಿ ದಾಟುವ ಮೊದಲು ಇಲ್ಲಿ ನಿಂತು ಗಾಲಿಗಳಿಗೆ ಕೀಲೆಣ್ಣೆ ಹಾಕಿಕೊಳ್ಳುತ್ತಿದ್ದವಂತೆ. ಕೀಲೆಣ್ಣೆಗೆ ತೆಲುಗಿನಲ್ಲಿ ಕಂದೆನ ಎಂದು ಹೆಸರು. ಅದರಿಂದ ಕಂದನವೋಲು, ಮುಂದೆ ಕರ್ನೂಲು ಆಯಿತೆಂದು ಜನ ಹೇಳುತ್ತಾರೆ. 1871ರಲ್ಲಿ ಮುಂಬಯಿ ಮತ್ತು ಮದರಾಸುಗಳ ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ ಮೇಲೆ ದೂರದ ಯಾತ್ರಿಕರಿಗೆ ದಾರಿಯ ಒಂದು ಭಾಗ ಹಗುರವಾಯಿತು. ಆದರೆ ಕಂಬಿ ಹೊತ್ತವರು ನಡೆಯುವುದನ್ನು ಬಿಡಲಿಲ್ಲ.

ಬಂಡಿ ನಿಲ್ಲುವ ತಾವು

ಕರ್ನೂಲಿನಿಂದ ಆತ್ಮಕೂರಿಗೆ ಸುಮಾರು 70 ಕಿ.ಮೀ. ಅಲ್ಲಿಂದಾಚೆಗೆ ನಲ್ಲಮಲೆಯ ಅಡವಿ. ಆತ್ಮಕೂರು, ಶ್ರೀಶೈಲ ಎರಡೂ 2022ರಲ್ಲಿ ರಚನೆಯಾದ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಗೆ ಸೇರಿವೆ. ಆತ್ಮಕೂರಿನ ಹತ್ತಿರದ ವೆಂಕಟಾಪುರದಿಂದ ಕಾಡಿನ ಕಾಲುದಾರಿ ಸುಮಾರು 40 ಕಿ.ಮೀ.; ದೋರ್ನಾಲದ ಮೂಲಕ ಸುತ್ತಿ ಬರುವ ಮೋಟಾರು ರಸ್ತೆ ಆತ್ಮಕೂರಿನಿಂದ ನೂರು ಕಿ.ಮೀ.ಗೂ ಮಿಕ್ಕಿದ್ದು. ಹೀಗಾಗಿ ಹಿಂದೆ ಬಂಡಿ ಇಲ್ಲಿಯೇ ನಿಂತಿತು. ಇಂದು ಸಾಮಾನಿನ ವಾಹನ ಇಲ್ಲಿಂದ ಸುತ್ತುದಾರಿ ಹಿಡಿಯುತ್ತದೆ. ಅಷ್ಟು ದಿನ ಗಾಲಿಯ ಮೇಲಿದ್ದ ಹೊರೆಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬ ವಿಂಗಡಣೆ ಇಲ್ಲಿ ಅನಿವಾರ್ಯವಾಗುತ್ತದೆ. ಹೆಗಲು ತಾಳುವಷ್ಟು ಮಾತ್ರ ಮುಂದೆ ಬರುತ್ತದೆ. ಅಪರಿಗ್ರಹದ ಉಪದೇಶವನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ತಾಣ ಬೇರೊಂದು ದೊರೆಯುವುದು ಕಷ್ಟ.

ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯ 1830ರಲ್ಲಿ ಕಾಶಿಗೆ ಹೊರಟು, ಹೋಗುವ ದಾರಿಯಲ್ಲಿ ಶ್ರೀಶೈಲವನ್ನು ದರ್ಶಿಸಿದರು. ಅವರ ತೆಲುಗು ಕೃತಿ ಕಾಶೀಯಾತ್ರಾ ಚರಿತ್ರೆಯಲ್ಲಿ ಮಜಲುಗಳ ದೂರ, ನೀರಿನ ಅನುಕೂಲ, ಇಳಿದುಕೊಳ್ಳುವ ಜಾಗಗಳ ವಿವರಗಳಿವೆ. ಅಂದಿನ ಯಾತ್ರಿಕನಿಗೆ ಯಾವುದು ಮುಖ್ಯವಾಗಿತ್ತೆಂಬುದಕ್ಕೆ ಅದೊಂದು ಸಾಕ್ಷಿ.

ಕಾಡುದಾರಿಯ ತಂಗುದಾಣಗಳನ್ನು ಕ್ರಮವಾಗಿ ಗಮನಿಸಬೇಕು. ಮೊದಲು ನಾಗಲೂಟಿ, ಅಲ್ಲಿ ವೀರಭದ್ರನ ಗುಡಿಯೂ ಪುಷ್ಕರಿಣಿಯೂ ಇವೆ. ಅನಂತರ ಪೆದ್ದಚೆರುವು, ಎಂದರೆ ಹಿರಿಯ ಕೆರೆ. ಆಮೇಲೆ ಭೀಮುನಿ ಕೊಲನು, ಎಂದರೆ ಭೀಮನ ಕೊಳ. ಅಲ್ಲಿಂದ ಕಲ್ಲಿನ ಮೆಟ್ಟಿಲೇರಿದರೆ ಕೈಲಾಸದ್ವಾರ, ಮುಂದೆ ಮಲ್ಲಯ್ಯನ ಸನ್ನಿಧಿ. ಯಾತ್ರಿಕನು ತಂಗುವುದು ನೀರಿದ್ದಲ್ಲಿ. ಆದ್ದರಿಂದ ಊರಿಲ್ಲದ ಕಾಡಿನಲ್ಲಿ ಮಜಲಿಗೆ ಕೆರೆಕೊಳಗಳ ಹೆಸರೇ ನಿಂತಿತು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲುಗಳನ್ನು ಕಟ್ಟಿಸಿದನು. ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಅಡವಿಯ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಕರೆಯುತ್ತಾರೆ. ಯಾತ್ರಿಕರಿಗೆ ದಾರಿ ತೋರಿಸಿ ಕಾಪಾಡಿದವರು ಅವರು. ಹೀಗೆ ಭಾಷೆ ಬೇರೆಯಾದರೂ ಬೀಗರು ಒಂದೇ ದಾರಿಯಲ್ಲಿ ಕೂಡಿದರು.

ಸಿದ್ಧರಾಮೇಶ್ವರರು ತಂದ ಉತ್ತರ

ಇಷ್ಟೆಲ್ಲ ಶ್ರಮಪಟ್ಟು ನಡೆಯುವುದೇಕೆ? ತೀರ್ಥಕ್ಷೇತ್ರಗಳ ಅಲೆದಾಟವನ್ನು ಶರಣರು ನಿಷ್ಠುರವಾಗಿ ಪ್ರಶ್ನಿಸಿದ್ದಾರೆ. ದೇಹವೇ ದೇಗುಲವಾದ ಮೇಲೆ ಹೊರಗಿನ ಬೆಟ್ಟಕ್ಕೆ ಹೋಗುವ ಅಗತ್ಯವಿಲ್ಲವೆಂಬುದು ಅವರ ನಿಲುವು. ಈ ಪ್ರಶ್ನೆಯನ್ನು ಬದಿಗಿಟ್ಟು ಯಾತ್ರೆಯನ್ನು ಕೊಂಡಾಡುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ.

ರಾಘವಾಂಕನ ಸಿದ್ಧರಾಮಚಾರಿತ್ರದ ಕಥೆ ಇಲ್ಲಿ ದಾರಿದೀಪವಾಗುತ್ತದೆ. ಕಣ್ಮರೆಯಾದ ಮಲ್ಲಯ್ಯನನ್ನು ಅರಸುತ್ತ ಸೊನ್ನಲಿಗೆಯ ಬಾಲಕ ಸಿದ್ಧರಾಮ ಶ್ರೀಶೈಲದ ಯಾತ್ರಿಕರ ಜೊತೆಗೂಡಿ ನಡೆದನು. ಅವರು ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದಾಗ ಬಾಲಕನು ಒಪ್ಪಲಿಲ್ಲ. ಮುಂದೆ ಕಮರಿಯ ಅಂಚಿನಲ್ಲಿ ಅವನಿಗೆ ಮಲ್ಲಯ್ಯನ ದರ್ಶನವಾಯಿತು. ಆದರೆ ಮಲ್ಲಯ್ಯ ಅವನನ್ನು ಬೆಟ್ಟದಲ್ಲಿ ಇರಿಸಿಕೊಳ್ಳದೆ ಊರಿಗೆ ಹಿಂದಿರುಗಿಸಿದನು. ಹಿಂದಿರುಗಿದ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಸೊಲ್ಲಾಪುರದಲ್ಲಿ ಆ ಕೆರೆ ಇಂದಿಗೂ ಇದೆ.

ಸೊನ್ನಲಿಗೆಯಿಂದ ಶ್ರೀಶೈಲಕ್ಕೆ ನೇರ ಗೆರೆಯಲ್ಲೂ 350 ಕಿ.ಮೀ.ಗಿಂತ ಹೆಚ್ಚು. ಅಷ್ಟು ದೂರ ನಡೆದ ಬಾಲಕನಿಗೆ ಬಾಯಾರಿಕೆಯ ಅರ್ಥವೂ ಪರರು ಕಟ್ಟಿದ ಕೆರೆಯ ಬೆಲೆಯೂ ತಿಳಿಯದೆ ಇರಲು ಸಾಧ್ಯವಿಲ್ಲ. ಯಾತ್ರೆಯ ಫಲ ಇಲ್ಲಿದೆ. ಪರರ ದಾಸೋಹದಿಂದ ಬದುಕಿ ಬಂದವನು ತನ್ನ ಊರಿನಲ್ಲಿ ಪರರಿಗಾಗಿ ನೀರು ನಿಲ್ಲಿಸಬೇಕು. ಮುಂದೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಒಡ್ಡರಾಮನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅವರು ಅಲ್ಲಗಳೆದದ್ದು ಕೆರೆಯನ್ನಲ್ಲ, ಕಟ್ಟಿದವನು ನಾನೆಂಬ ಅಹಂಭಾವವನ್ನು. ನಡಿಗೆಗೂ ಈ ಮಾತು ಅನ್ವಯಿಸುತ್ತದೆ. ಇಷ್ಟು ದೂರ ನಡೆದೆನೆಂಬ ಹೆಮ್ಮೆ ಹೊಕ್ಕರೆ ದಾರಿಯೆಲ್ಲ ವ್ಯರ್ಥ.

ಇಂದಿನ ಪಾದಯಾತ್ರಿಗಳಿಗೆ

ಎತ್ತಿನ ಬಂಡಿಯ ಜಾಗಕ್ಕೆ ಈಗ ಟ್ರ್ಯಾಕ್ಟರು, ಸರಕು ವಾಹನಗಳು ಬಂದಿವೆ. ಹಿಂದಿರುಗಲು ಬಸ್ಸುಗಳಿವೆ. ಹೊರೆ ಹಗುರವಾದಂತೆ ಮಜಲುಗಳು ಹಿಗ್ಗಿವೆ. ದಿನಕ್ಕೆ 30 ಕಿ.ಮೀ.ಗಿಂತ ಹೆಚ್ಚು ನಡೆಯುವ ತಂಡಗಳುಂಟು. ಹದಿಮೂರು ದಿನಗಳಲ್ಲಿ ಮುಗಿಸುವ ಆತುರದಲ್ಲಿ ಹಿಂದುಳಿಯುವವರು ಮುದುಕರು ಮತ್ತು ದುರ್ಬಲರು. ಚೈತ್ರದ ಬಿಸಿಲಿಗೆ ಯಾರ ಮೇಲೂ ಕರುಣೆಯಿಲ್ಲ. ಗಾವುದದ ಲೆಕ್ಕ ಹಳೆಯದಾದರೂ ಅದರೊಳಗಿನ ವಿವೇಕ ಹಳತಾಗಿಲ್ಲ. ತಂಡದ ಅತ್ಯಂತ ನಿಧಾನದ ಕಾಲು ದಿನದ ದೂರವನ್ನು ನಿರ್ಧರಿಸಲಿ. ನಡುಹಗಲಿನಲ್ಲಿ ನೆರಳು, ವಾರಕ್ಕೊಂದು ವಿಶ್ರಾಂತಿಯ ದಿನ, ಕಾಡು ಹೊಗುವ ಮುನ್ನ ಹೊರೆಯ ವಿಂಗಡಣೆ ಇರಲಿ. ನಲ್ಲಮಲೆಯ ಈ ಅಡವಿ ಇಂದು ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆ ತೆರೆದ ದಿನಗಳಲ್ಲಿ ಮಾತ್ರ ಹೋಗುವುದು, ಪ್ಲಾಸ್ಟಿಕ್ಕನ್ನು ಅಲ್ಲಿ ಬಿಡದಿರುವುದು ಮಲ್ಲಯ್ಯನ ಅಂಗಳಕ್ಕೆ ಸಲ್ಲಿಸುವ ಗೌರವ.

ಹಾಗೆಯೇ ಊರಿನಲ್ಲೇ ಉಳಿದವರೂ ಯಾತ್ರೆಯಿಂದ ಹೊರಗಿಲ್ಲ. ದಾರಿಬದಿಯಲ್ಲಿ ಅರವಟಿಗೆ ಇಟ್ಟವರು, ಅಂಬಲಿ ಕಾಯಿಸಿ ಕಾದವರು, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ಹಚ್ಚಿದವರು ಒಂದು ಹೆಜ್ಜೆಯನ್ನೂ ನಡೆಯದೆ ಶ್ರೀಶೈಲವನ್ನು ಮುಟ್ಟಿದವರೇ. ನಡೆದು ಬಂದವರು ಮುಂದಿನ ವರ್ಷ ಹೊರಡುವ ಮೊದಲು ತಮ್ಮ ಊರಿನ ಕೆರೆಯ ಹೂಳನ್ನು ಒಂದು ಬುಟ್ಟಿಯಾದರೂ ಎತ್ತಿದರೆ ಸಿದ್ಧರಾಮೇಶ್ವರರು ಹಿಂದಿರುಗಿದ ದಾರಿಯಲ್ಲಿ ತಾವೂ ಹಿಂದಿರುಗಿದಂತಾಗುತ್ತದೆ.