ನಂಗವಳ್ಳಿಯ ಟೌನ್ ಬಸ್ಸು, ಸ್ಟೇಟ್‌ಬ್ಯಾಂಕಿನ ಸಿಟಿ ಬಸ್ಸು

ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ ಮೆಟ್ಟೂರು ಅಣೆಕಟ್ಟಿನ ಹತ್ತಿರ ನಂಗವಳ್ಳಿ ಎಂಬ ಪುಟ್ಟ ಪಟ್ಟಣವಿದೆ. ನೇಕಾರರ ಸೀಮೆ ಅದು. ಸೇಲಂ ಭಾಗದ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ಇವತ್ತಿಗೂ ಇವೆ. ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಇನ್ನೊಂದು ಭಾಷೆ. ಬ್ಯಾರಿಗಳಾದ ನಮಗೆ ಇದು ಹೊಸ ವಿಷಯವೇನಲ್ಲ. ಮನೆಯಲ್ಲಿ ಬ್ಯಾರಿ ಮಾತಾಡಿ, ಬಸ್ಸು ಹತ್ತಿದ ಕೂಡಲೇ ತುಳುವಿಗೆ ತಿರುಗಿ, ಕಚೇರಿಯಲ್ಲಿ ಇಳಿದು ಕನ್ನಡದಲ್ಲಿ ಅರ್ಜಿ ಬರೆಯುವವರು ನಾವು.

ಆದರೆ ಒಂದು ವಿಷಯದಲ್ಲಿ ನಂಗವಳ್ಳಿಯ ಹೆಂಗಸಿಗೂ ಉಳ್ಳಾಲದ ಹೆಂಗಸಿಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿನವರು ಸರ್ಕಾರದ ಸಾಧಾರಣ ದರದ ಟೌನ್ ಬಸ್ಸು ಹತ್ತಿದರೆ ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ. 2021ರ ಮೇ ತಿಂಗಳಿಂದ ತಮಿಳುನಾಡಿನಲ್ಲಿ ಈ ವ್ಯವಸ್ಥೆ ಇದೆ. ಕರ್ನಾಟಕದಲ್ಲಿಯೂ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆದರೂ ಉಳ್ಳಾಲದಿಂದ ಸ್ಟೇಟ್‌ಬ್ಯಾಂಕಿಗೆ ಬರುವ ನಮ್ಮ ಉಮ್ಮಂದಿರು ಸಾಮಾನ್ಯವಾಗಿ ದುಡ್ಡು ಕೊಟ್ಟೇ ಬರುತ್ತಾರೆ. ಯಾಕೆ? ಶಕ್ತಿ ಇರುವುದು ಸರ್ಕಾರಿ ನಿಗಮಗಳ ಬಸ್ಸಿನಲ್ಲಿ. ನಮ್ಮ ಊರಿನ ರಸ್ತೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಇದು ಎಲ್ಲರಿಗೂ ಗೊತ್ತಿರುವ ಉತ್ತರ. ನಮ್ಮ ರಸ್ತೆಯಲ್ಲಿ ಖಾಸಗಿ ಬಸ್ಸೇ ಯಾಕೆ ಉಳಿಯಿತು ಎಂದು ಕೇಳಿದರೆ ಮಾತ್ರ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೋಟಾರು ಬರುವ ಮೊದಲು ನಮ್ಮ ಹಿರಿಯರ ದಾರಿ ನೀರಿನ ಮೇಲಿತ್ತು. ನೇತ್ರಾವತಿಯಲ್ಲಿ ದೋಣಿ ಬಂಟ್ವಾಳದ ತನಕ ಸರಕು ಹೊತ್ತು ಹೋಗುತ್ತಿತ್ತು. ಬಂದರಿನ ಬ್ಯಾರಿಗಳ ವ್ಯಾಪಾರ ಈ ದೋಣಿ ಮತ್ತು ಎತ್ತಿನ ಗಾಡಿಗಳನ್ನು ನಂಬಿಕೊಂಡಿತ್ತು. 1907ರಲ್ಲಿ ನೇತ್ರಾವತಿಯ ಮೇಲೆ ರೈಲು ಬಂತು. ಮಂಗಳೂರು ಮಲಬಾರಿಗೂ ಮದ್ರಾಸಿಗೂ ಸೇರಿಕೊಂಡಿತು. ಆದರೆ ರೈಲು ಕರಾವಳಿಯ ಗೆರೆ ಹಿಡಿದು ತೆಂಕಲಿಗೆ ಹೋಯಿತೇ ಹೊರತು ಮೂಡಲಿನ ಹಳ್ಳಿಗಳಿಗೆ ಹೋಗಲಿಲ್ಲ. ಆ ಜಾಗವನ್ನು ತುಂಬಿದ್ದು ಮೋಟಾರು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯಂಥ ಸಂಸ್ಥೆಗಳು ಬಸ್ಸು ಓಡಿಸಿದವು. 'ಸಿ.ಪಿ.ಸಿ.' ಎಂದರೆ ಹಳಬರಿಗೆ ಈಗಲೂ ಕಣ್ಣು ಅರಳುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಬೆನ್ನಿಗೆ ಒಲೆಯಂಥ ಡಬ್ಬಿ ಕಟ್ಟಿ, ಇದ್ದಿಲಿನ ಹೊಗೆಯಲ್ಲಿ ಗಾಡಿ ಓಡಿಸಿದ್ದೂ ಉಂಟು.

ಆಗ ನಂಗವಳ್ಳಿಯೂ ಮಂಗಳೂರೂ ಒಂದೇ ಸರ್ಕಾರದ ಕೆಳಗಿದ್ದವು ಎಂಬುದನ್ನು ಮರೆಯಬಾರದು. ಸೇಲಂ ಜಿಲ್ಲೆ, ದಕ್ಷಿಣ ಕೆನರಾ ಜಿಲ್ಲೆ ಎರಡೂ ಮದ್ರಾಸ್ ಪ್ರಾಂತ್ಯದವು. 1939ರ ಮೋಟಾರು ವಾಹನ ಕಾಯ್ದೆ ಎರಡು ಕಡೆಗೂ ಒಂದೇ. ಈ ಕಾಯ್ದೆಯೇ ನಮ್ಮ ಕಥೆಯ ಬೀಗದ ಕೈ. ಬಸ್ಸು ಇದ್ದರೆ ಸಾಲದು, ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಓಡಿಸಬಹುದು ಎಂಬ ಪರ್ಮಿಟ್ಟು ಬೇಕು ಎಂದಿತು ಅದು. ಪರ್ಮಿಟ್ಟು ಮುಗಿದಾಗ ಉಳಿದೆಲ್ಲ ಸಮವಾಗಿದ್ದರೆ ಹಳಬನಿಗೇ ಮೊದಲ ಅವಕಾಶ. ಹೀಗಾಗಿ ಒಮ್ಮೆ ಕೈಗೆ ಬಂದ ದಾರಿ ಸುಲಭವಾಗಿ ಕೈಬಿಟ್ಟು ಹೋಗುತ್ತಿರಲಿಲ್ಲ. ಬಸ್ಸು ಹಳತಾಗಿ ಗುಜರಿಗೆ ಹೋದರೂ ಪರ್ಮಿಟ್ಟಿಗೆ ಬೆಲೆ ಉಳಿಯಿತು.

1956ರ ನವೆಂಬರ್ 1ರಂದು ದಾರಿ ಕವಲೊಡೆಯಿತು. ಸೇಲಂ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ದಕ್ಷಿಣ ಕೆನರಾ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಕುಟುಂಬದ ಅಣ್ಣ ಒಂದು ರಾಜ್ಯದಲ್ಲಿ, ತಮ್ಮ ಇನ್ನೊಂದರಲ್ಲಿ ಎಂಬ ಹಾಗೆ ಆದದ್ದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ.

ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್‌ನಲ್ಲೇ 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಗಿತ್ತು. 1961ರ ಆಗಸ್ಟ್‌ನಲ್ಲಿ ಅದು ನಿಗಮವಾಯಿತು, ಇವತ್ತಿನ ಕೆ.ಎಸ್.ಆರ್.ಟಿ.ಸಿ. ಅದರ ಮುಂದುವರಿಕೆ. ಹಳೆ ಮೈಸೂರಿನ ಬಹುಪಾಲು ಮುಖ್ಯ ದಾರಿಗಳನ್ನು ಸರ್ಕಾರ ರಾಷ್ಟ್ರೀಕರಣದ ಯೋಜನೆ ಹೊರಡಿಸಿ ತನ್ನ ಕೈಗೆ ತೆಗೆದುಕೊಂಡಿತು. ಕರಾವಳಿಯಲ್ಲಿ ಆ ಮಟ್ಟಿಗೆ ಆಗಲಿಲ್ಲ. ಘಟ್ಟ ಹತ್ತುವ ದೂರದ ದಾರಿಗಳಿಗೆ ಕೆಂಪು ಬಸ್ಸು ಬಂತು. ಪುತ್ತೂರು, ಸುಳ್ಯದ ಕಡೆ ಚೆನ್ನಾಗಿ ಬೇರೂರಿತು. ಮಂಗಳೂರು ನಗರ, ಅದರ ಸುತ್ತಲಿನ ಊರುಗಳು, ಮೂಡಬಿದಿರೆ, ಕಾರ್ಕಳ, ಉಡುಪಿಯ ದಾರಿಗಳು ಹೆಚ್ಚಿನಂಶ ಖಾಸಗಿಯವರ ಕೈಯಲ್ಲೇ ಉಳಿದವು.

ಅತ್ತ ತಮಿಳುನಾಡು ಬೇರೆ ದಾರಿ ಹಿಡಿಯಿತು. 1972ರಲ್ಲಿ ಪಲ್ಲವನ್, ಚೇರನ್, ಚೋಳನ್, ಪಾಂಡಿಯನ್ ಎಂಬ ಹೆಸರಿನ ಸರ್ಕಾರಿ ನಿಗಮಗಳು ಹುಟ್ಟಿದವು. 1973ರಲ್ಲಿ ಸೇಲಂಗೆ ಅಣ್ಣಾ ಸಾರಿಗೆ ನಿಗಮ ಬಂತು. ಸೇಲಂನಿಂದ 1965ರಲ್ಲಿ ಬೇರೆಯಾಗಿದ್ದ ಧರ್ಮಪುರಿ ಜಿಲ್ಲೆಗೆ 1987ರಲ್ಲಿ ಅನ್ನೈ ಸತ್ಯಾ ಹೆಸರಿನ ನಿಗಮ ಆಯಿತು. 1997ರಲ್ಲಿ ಹೆಸರಿನ ಜಗಳವೇ ಬೇಡವೆಂದು ಹೆಚ್ಚಿನವನ್ನು ತಮಿಳುನಾಡು ರಾಜ್ಯ ಸಾರಿಗೆ ನಿಗಮ ಎಂದು ಕರೆದರು. ಅಲ್ಲಿಯೂ ಖಾಸಗಿ ಬಸ್ಸು, ಮಿನಿ ಬಸ್ಸು ಇಲ್ಲವೆಂದಲ್ಲ. ಆದರೆ ಊರೂರಿಗೆ ಸರ್ಕಾರದ ಟೌನ್ ಬಸ್ಸು ಮುಟ್ಟಿತ್ತು. ಐವತ್ತು ವರ್ಷದ ಮೇಲೆ ಹೆಂಗಸರಿಗೆ ಉಚಿತ ಎಂದು ಆದೇಶ ಬಂದಾಗ ಅದು ನಂಗವಳ್ಳಿಯಂಥ ಊರನ್ನೂ ತಲುಪಿತು. ಬಸ್ಸು ಮೊದಲೇ ಇತ್ತು, ಟಿಕೆಟ್ಟು ಮಾತ್ರ ಬದಲಾಯಿತು.

ನ್ಯಾಯವಾಗಿ ಹೇಳಬೇಕಾದರೆ ನಮ್ಮ ಖಾಸಗಿ ಬಸ್ಸುಗಳ ಋಣ ನಮ್ಮ ಮೇಲೆ ಸಣ್ಣದಲ್ಲ. 44 ಎಂದರೆ ಉಳ್ಳಾಲ, 51 ಎಂದರೆ ಕೊಣಾಜೆ ಎಂದು ಓದಲು ಬಾರದ ಅಜ್ಜಿಗೂ ಗೊತ್ತು. ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು. ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ, ಗೋಣಿಚೀಲ, ಮೀನಿನ ಬುಟ್ಟಿ ಹತ್ತಿಸುತ್ತಾರೆ. ನಮ್ಮ ಹುಡುಗರು ಎಷ್ಟೋ ಮಂದಿ ಕ್ಲೀನರ್ ಆಗಿ ಹತ್ತಿ, ಕಂಡಕ್ಟರ್, ಡ್ರೈವರ್ ಆಗಿ ಮನೆ ನಡೆಸಿದ್ದಾರೆ. ಗಲ್ಫಿಗೆ ಹೋಗಿ ಸ್ಟೇರಿಂಗ್ ಹಿಡಿದವರಲ್ಲಿ ಕೆಲವರು ಕೈ ಪಳಗಿಸಿಕೊಂಡದ್ದು ಇದೇ ದಾರಿಗಳಲ್ಲಿ. ದೇರಳಕಟ್ಟೆಯ ಆಸ್ಪತ್ರೆಗೆ, ಮಂಗಳೂರಿನ ಕಾಲೇಜಿಗೆ ನಮ್ಮ ಹೆಣ್ಣುಮಕ್ಕಳು ಹೋಗುವಂತಾದದ್ದರ ಹಿಂದೆ ಶಾಲೆ ಎಷ್ಟು ಮುಖ್ಯವೋ, ಮನೆಯ ಹತ್ತಿರದ ಸ್ಟಾಪಿಗೆ ಹೊತ್ತಿಗೆ ಸರಿಯಾಗಿ ಬಂದ ಬಸ್ಸೂ ಅಷ್ಟೇ ಮುಖ್ಯ.

ಆದರೆ ಕಲೆಕ್ಷನ್ ನಂಬಿದ ಬಸ್ಸಿಗೆ ಅದರದೇ ಕಾಯಿಲೆಗಳಿವೆ. ಜನ ಇರುವ ಹೊತ್ತಿಗೆ ಎರಡು ಬಸ್ಸು ಟೈಮಿಗಾಗಿ ಜಗಳವಾಡಿ ಓಟ ಕಟ್ಟುತ್ತವೆ. ಜನ ಕಡಿಮೆಯಾದ ರಾತ್ರಿ ಹೊತ್ತಿಗೆ ಟ್ರಿಪ್ಪೇ ಕಟ್. ಅಂಗಡಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ ಒಂಬತ್ತು ಗಂಟೆಗೆ ಹೊರಬಂದರೆ ರಿಕ್ಷಾವೇ ಗತಿ. ದುಡಿದದ್ದರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಬೀಡಿ ಕಟ್ಟಿ ಮನೆ ನಡೆಸುವ ಉಮ್ಮನ ಲೆಕ್ಕ ಇನ್ನೂ ಬಿಗಿ. ಬಸ್ಸಿನ ದುಡ್ಡು ಉಳಿಯಲಿ ಎಂದು ಬ್ರಾಂಚಿಗೆ ನಡೆದೇ ಹೋಗುವವರು, ಡಾಕ್ಟರ ಹತ್ತಿರ ಹೋಗುವುದನ್ನು ಮುಂದಿನ ವಾರಕ್ಕೆ ತಳ್ಳುವವರು ನಮ್ಮ ನೆರೆಕರೆಯಲ್ಲೇ ಇದ್ದಾರೆ. ಪುತ್ತೂರಿನ ತಂಗಿ ಕೆಂಪು ಬಸ್ಸಿನಲ್ಲಿ ಶೂನ್ಯ ಟಿಕೆಟ್ಟು ಹಿಡಿದು ಮಂಗಳೂರಿಗೆ ಬರುತ್ತಾಳೆ. ಮಂಗಳೂರಿನ ಅಕ್ಕ ಅವಳನ್ನು ಕಾಣಲು ಸ್ಟೇಟ್‌ಬ್ಯಾಂಕಿನ ತನಕ ದುಡ್ಡು ಕೊಟ್ಟು ಬರಬೇಕು. ಒಂದೇ ಜಿಲ್ಲೆ, ಒಂದೇ ಆಧಾರ್ ಕಾರ್ಡು.

ಇದಕ್ಕೆ ಖಾಸಗಿ ಬಸ್ಸಿನವರನ್ನು ಬೈದು ಪ್ರಯೋಜನವಿಲ್ಲ. ಡೀಸೆಲ್, ವಿಮೆ, ಸಂಬಳ ಅವರ ತಲೆ ಮೇಲಿದೆ. ಉಚಿತ ಕೊಡಲು ಅವರಿಗೆ ಸರ್ಕಾರ ದುಡ್ಡು ತುಂಬಿಕೊಡುತ್ತಿಲ್ಲ. ಸರ್ಕಾರಿ ನಿಗಮವೆಂದರೆ ಸ್ವರ್ಗವೂ ಅಲ್ಲ. ಎರಡೂ ರಾಜ್ಯಗಳಲ್ಲಿ ನಷ್ಟದ ಲೆಕ್ಕ, ಹಳೆ ಬಸ್ಸು, ನೌಕರರ ಬಾಕಿ ಎಂಬ ಮಾತು ಕೇಳುತ್ತಲೇ ಇದ್ದೇವೆ. ಎರಡು ದಾರಿ ಉಂಟು. ಒಂದು, ನಗರದ ದಾರಿಗಳಲ್ಲಿ ಸರ್ಕಾರಿ ಬಸ್ಸು ಹೆಚ್ಚಾಗಬೇಕು. ಇಲ್ಲವಾದರೆ ಖಾಸಗಿ ಬಸ್ಸಿನಲ್ಲಿ ಹೆಂಗಸರು ಮಾಡುವ ಪ್ರಯಾಣದ ದುಡ್ಡನ್ನು ಸರ್ಕಾರ ಕೊಡಬೇಕು. ಯಾವುದು ಒಳ್ಳೆಯದೆಂದು ಚರ್ಚೆ ಆಗಲಿ. ಎರಡೂ ಇಲ್ಲ ಎಂಬ ಈಗಿನ ಸ್ಥಿತಿ ಮಾತ್ರ ಸರಿಯಲ್ಲ.

ಪರ್ಮಿಟ್ಟು ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹೊಸ ಬಸ್ಸು, ಹೊಸ ಟೈಮಿಂಗ್ ಎಲ್ಲ ನಿರ್ಧಾರ ಆಗುವುದು ಆ ಮೇಜಿನ ಮೇಲೆ. ಬಸ್ಸಿನ ಮಾಲಕರಿಗೆ ಅಲ್ಲಿ ಸಂಘವಿದೆ, ವಕೀಲರಿದ್ದಾರೆ. ದಿನಾ ಬೆಳಗ್ಗೆ ಸ್ಟಾಪಿನಲ್ಲಿ ನಿಲ್ಲುವ ನಮ್ಮ ಉಮ್ಮಂದಿರ ಪರವಾಗಿ ಒಂದು ಕಾಗದ ಕೊಟ್ಟವರು ಎಷ್ಟು ಮಂದಿ? ಮದುವೆ ಹಾಲ್ ಕಟ್ಟಲು ಊರಿಡೀ ಸಹಿ ಸಂಗ್ರಹಿಸುವ ನಾವು, ರಾತ್ರಿ ಒಂಬತ್ತರ ಒಂದು ಬಸ್ಸಿಗಾಗಿ ಐವತ್ತು ಸಹಿ ಹಾಕಿಸಲಾರೆವೇ? ನಿಮ್ಮ ಊರಿನ ಕೊನೆಯ ಬಸ್ಸು ಎಷ್ಟು ಗಂಟೆಗೆ, ಅದು ತಪ್ಪಿದರೆ ರಿಕ್ಷಾಕ್ಕೆ ಎಷ್ಟು ಎಂದು ಇವತ್ತು ಮನೆಯ ಹೆಂಗಸರನ್ನೇ ಕೇಳಿ ಬರೆದಿಡಿ. ಅರ್ಜಿಯ ಮೊದಲ ಸಾಲು ಅದೇ ಆಗಲಿ.