ಫಳ್ನೀರ್‌ನಲ್ಲಿ ಪಾದರಸದ ಬ್ಯಾಟರಿಗೆ ಬದಲಿ
1960ರ ದಶಕದ ಅನೇಕ ಫಿಲ್ಮ್ ಕ್ಯಾಮೆರಾಗಳ ಲೈಟ್ ಮೀಟರ್‌ಗಳು, ಅಂದರೆ ಬೆಳಕಳೆಯುವ ಸಾಧನಗಳು, ಕೊನೆಯವರೆಗೂ ಬಹುತೇಕ ಸ್ಥಿರವಾಗಿರುವ 1.35 ವೋಲ್ಟ್‌ನ ಪಾದರಸದ ಬ್ಯಾಟರಿಯನ್ನೇ ನಂಬಿದ್ದವು. ಪಾದರಸವು ನೀರನ್ನೂ ಮೀನನ್ನೂ ವಿಷವಾಗಿಸುವುದರಿಂದ 2013ರ ಮಿನಮಾಟ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು; 2018ರಲ್ಲಿ ಭಾರತವೂ ಆ ಒಪ್ಪಂದವನ್ನು ಅನುಮೋದಿಸಿದ್ದು ಮೀನುಗಾರಿಕೆಯ ನಗರವಾದ ಮಂಗಳೂರಿಗೆ ಹಿತವಾದ ನಿರ್ಧಾರವೇ ಸರಿ. ಬದಲಿಗೆ ಹಾಕುವ ಆಲ್ಕಲೈನ್ ಬ್ಯಾಟರಿಯ ವೋಲ್ಟೇಜ್ 1.5ರಿಂದ ಕ್ರಮೇಣ ಕುಸಿದು ಅಳತೆಯನ್ನು ಕೆಡಿಸಿದರೆ, ಸ್ಥಿರವಾದ ಸಿಲ್ವರ್ ಆಕ್ಸೈಡ್ ಬ್ಯಾಟರಿಯ 1.55 ವೋಲ್ಟನ್ನು ತಗ್ಗಿಸಲು ಡಯೋಡ್ ಬೇಕಾಗುತ್ತದೆ. ಆದ್ದರಿಂದ ಮಂಗಳೂರಿನ, ಆಸ್ಪತ್ರೆಗಳಿರುವ ಫಳ್ನೀರ್‌ನಂಥ ಬಡಾವಣೆಯ ಛಾಯಾಗ್ರಾಹಕನಿಗೆ ಹತ್ತಿರದ ಉತ್ತರವೆಂದರೆ ಶ್ರವಣಸಾಧನಗಳಲ್ಲಿ ಬಳಸುವ, ಗಾಳಿಯ ಆಮ್ಲಜನಕವನ್ನು ಹೀರಿ ಸುಮಾರು 1.4 ವೋಲ್ಟ್ ನೀಡುವ 675 ಗಾತ್ರದ ಜಿಂಕ್-ಏರ್ ಬ್ಯಾಟರಿ. ಗಾತ್ರ ಚಿಕ್ಕದಾದ್ದರಿಂದ ಅದಕ್ಕೊಂದು ಉಂಗುರ ತೊಡಿಸಬೇಕು, ಗಾಳಿ ತಡೆಯುವ ಅಂಟುಪಟ್ಟಿ ತೆಗೆದ ಮೇಲೆ ಅದು ಬಾಳುವುದು ಕೆಲವು ವಾರಗಳಷ್ಟೇ ಆದರೂ ಅಳತೆ ಮಾತ್ರ ನಂಬಿಕೆಗೆ ಅರ್ಹವಾಗಿರುತ್ತದೆ.