ಆಸ್ಪತ್ರೆಯ ಮಡಿ

ಮಣಿನಗರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯ ಮನೆತನದವರಿಗೆ ಒಂದು ಮಾತನ್ನು ನೆನಪು ಮಾಡಿಕೊಡಬೇಕಾಗಿದೆ. 1956ರ ನವೆಂಬರ್ 1ನೆಯ ತಾರೀಖಿನವರೆಗೆ ಅವರ ಹಿರಿಯರ ಊರೂ ಈ ಅಹಮದಾಬಾದೂ ಒಂದೇ ಆಡಳಿತಕ್ಕೆ ಸೇರಿದ್ದವು. ಮುಂಬಯಿ ಇಲಾಖೆಯ ಉತ್ತರಕ್ಕೆ ಗುಜರಾತು, ದಕ್ಷಿಣದ ಅಂಚಿಗೆ ನಮ್ಮ ಕನ್ನಡ ಜಿಲ್ಲೆಗಳು. ಎರಡಕ್ಕೂ ಒಬ್ಬನೇ ಗವರ್ನರು, ಒಂದೇ ಕಾಯಿದೆ, ರೋಗ ಬಂದರೆ ಒಂದೇ ಮುಂಬಯಿಯಿಂದ ಬರುವ ಔಷಧದ ಬುಡ್ಡಿ. ರಾಜ್ಯೋತ್ಸವದ ದಿನ ಏಕೀಕರಣದ ಕಥೆ ಹೇಳಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ಹೇಳಹೊರಟಿರುವುದು ಆ ಕಾಲದಿಂದ ನಮ್ಮ ಕಾಲದವರೆಗೆ ನಡೆದುಬಂದ ಇನ್ನೊಂದು ಕಥೆ: ರೋಗ ವಾಸಿಮಾಡುವ ಜಾಗದಿಂದಲೇ ರೋಗ ಹಬ್ಬದಂತೆ ನೋಡಿಕೊಳ್ಳುವುದನ್ನು ನಾವು ಕಲಿತ ಕಥೆ. ಕಲಿತು, ಮರೆತು, ಮತ್ತೆ ಕಲಿತ ಕಥೆ ಎಂದರೆ ಇನ್ನೂ ಸರಿಯಾದೀತು.

ಆಸ್ಪತ್ರೆಗೆ ಹೋದವನು ಕಾಲ್ನಡಿಗೆಯಲ್ಲಿ ತಿರುಗಿ ಬರುವುದಿಲ್ಲ ಎಂದು ಹಿಂದಿನವರು ಹೆದರುತ್ತಿದ್ದರು. ಅದನ್ನು ಬರಿಯ ಮೌಢ್ಯವೆಂದು ನಕ್ಕುಬಿಡುವುದು ಅನ್ಯಾಯ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಯೂರೋಪಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಗಾಯಕ್ಕೆ ನಂಜೇರಿ ಸಾಯುವುದು ದಿನದ ಮಾತಾಗಿತ್ತು. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ, 1846ರಲ್ಲಿ, ಬಾಣಂತಿಯರಲ್ಲಿ ನೂರಕ್ಕೆ ಹನ್ನೊಂದರಷ್ಟು ಮಂದಿ ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಸಾವು ಅದಕ್ಕಿಂತ ಎಷ್ಟೋ ಕಡಮೆ. ಸೆಮೆಲ್‌ವೈಸ್ ಎಂಬ ವೈದ್ಯ ಇದರ ಗುಟ್ಟು ಹಿಡಿದ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲಿಯೇ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಅವನು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಒಳಗೆ ಬರಕೂಡದೆಂದು ಕಟ್ಟುಮಾಡಿದ. ಮರುವರ್ಷ ಸಾವು ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಇಷ್ಟಾದರೂ ದೊಡ್ಡ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈ ಮೈಲಿಗೆಯೆಂದು ಯಾವ ದೊಡ್ಡ ಮನುಷ್ಯನು ತಾನೇ ಒಪ್ಪಿಯಾನು? ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ ಈ ಪಾಠ ಆರಂಭವಾದದ್ದು ಪ್ಲೇಗಿನಿಂದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಅದು ಕಾಣಿಸಿಕೊಂಡಿತು. ಸರಕಾರ ರೋಗಿಗಳನ್ನು ಹಿಡಿಹಿಡಿದು ಆಸ್ಪತ್ರೆಗೆ ಸಾಗಿಸತೊಡಗಿತು. ಅಕ್ಟೋಬರಿನಲ್ಲಿ ಗಿರಣಿಯ ಕೆಲಸಗಾರರು ಗುಂಪು ಕಟ್ಟಿ ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆಯೇ ಬಿದ್ದರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಟಿತು. (2020ರಲ್ಲಿ ಕೊರೋನಾ ಬಂದಾಗಲೂ ಸರಕಾರಗಳು ಕೈಗೆತ್ತಿಕೊಂಡದ್ದು ಇದೇ ಹಳೆಯ ಕಾಯಿದೆಯನ್ನು.) ಮನೆ ಹೊಕ್ಕು ಹಾಸಿಗೆ ಸುಟ್ಟರು, ಗೋಡೆಗೆ ಸುಣ್ಣ ಹೊಡೆದರು, ಚರಂಡಿಗೆ ಕಾರ್ಬಾಲಿಕ್ ಆಮ್ಲವನ್ನು ಪೀಪಾಯಿಗಟ್ಟಲೆ ಸುರಿದರು. ಪ್ಲೇಗು ಜಗ್ಗಲಿಲ್ಲ. ಇತ್ತ ನಮ್ಮ ಹಳ್ಳಿಯ ಜನ ಮನೆಯಲ್ಲಿ ಇಲಿ ಬಿದ್ದರೆ ಸಾಕು, ಗಂಟುಮೂಟೆ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲಿ, ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹೊರುತ್ತದೆಂದು ತೋರಿಸಿಕೊಟ್ಟ. ಅವನ ಮಾತಿಗೆ ಮನ್ನಣೆ ಸಿಗಲು ಇನ್ನೂ ಕೆಲವು ವರ್ಷ ಬೇಕಾದವು. ಸರಕಾರದ ಕಾರ್ಬಾಲಿಕ್ಕೂ ಒಂದು ಬಗೆಯ ಮಡಿಯೇ, ರೋಗದ ದಾರಿ ತಿಳಿಯದ ಮಡಿ.

ಈ ಗದ್ದಲದ ನಡುವೆ ಮುಂಬಯಿಯಲ್ಲಿ ಒಬ್ಬ ಮನುಷ್ಯ ಬೇರೆಯೇ ಕೆಲಸದಲ್ಲಿ ಮುಳುಗಿದ್ದ. ಒಡೆಸ್ಸಾದ ಯಹೂದಿ, ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಪಳಗಿದವನು, ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಪ್ಲೇಗಿನ ಕ್ರಿಮಿಯನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಆ ಲಸಿಕೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ನಿಂತ ಊರುಗಳಲ್ಲಿ ಮುಖ್ಯವಾದದ್ದು ನಮ್ಮ ಹುಬ್ಬಳ್ಳಿ. ರೈಲಿನ ಊರಾದ್ದರಿಂದ ಪ್ಲೇಗೂ ರೈಲಿನಲ್ಲಿಯೇ ಬಂದಿಳಿದಿತ್ತು. 1898ರಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ, ಐವತ್ತು ಸಾವಿರದಷ್ಟು ಜನವಿದ್ದ ಆ ಊರಿನಲ್ಲಿ, ಮೂವತ್ತು ಸಾವಿರಕ್ಕೂ ಮಿಕ್ಕು ಮಂದಿಗೆ ಕೆಲವೇ ತಿಂಗಳಲ್ಲಿ ಸೂಜಿ ಮಾಡಿದರು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಮೆಯಾದದ್ದು ಊರಿಗೇ ಕಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನೂ ಹೊಕ್ಕಿತು. ಆ ಊರಿನಲ್ಲಿ ಇಂದಿಗೂ ಪ್ಲೇಗ್ ಮಾರಮ್ಮನ ಗುಡಿಗಳುಂಟು.

ಇನ್ನು, ಸಾವಿರಾರು ಮಂದಿಗೆ ಪ್ರಾಣ ಕೊಡುವ ಸೂಜಿಯೇ ಪ್ರಾಣ ತೆಗೆದ ಸಂಗತಿಗೆ ಬರೋಣ. ಸ್ಥಳ ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿ. ದಿನ 1902ರ ಅಕ್ಟೋಬರ್ 30. ಅಂದು 107 ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಒಂದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ 19 ಮಂದಿಗೆ ದವಡೆ ಕಚ್ಚಿಕೊಂಡು ಮೈ ಬಿಲ್ಲಿನಂತೆ ಸೆಟೆಯಿತು. ಅದು ಧನುರ್ವಾಯು. ಹತ್ತೊಂಬತ್ತು ಮಂದಿಯೂ ಸತ್ತರು. ವಿಚಾರಿಸಿ ನೋಡಿದರೆ ಹತ್ತೊಂಬತ್ತು ಮಂದಿಗೂ ಹೋದ ಮದ್ದು ಒಂದೇ ಬುಡ್ಡಿಯದು, 53ಎನ್ ಎಂಬ ಗುರುತಿನದು. ಉಳಿದ ಬುಡ್ಡಿಗಳಿಂದ ಚುಚ್ಚಿಸಿಕೊಂಡವರಿಗೆ ಏನೂ ಆಗಿರಲಿಲ್ಲ.

ಸರಕಾರದ ವಿಚಾರಣಾ ಮಂಡಳಿ ಮುಂಬಯಿಯ ಪ್ರಯೋಗಶಾಲೆಯತ್ತ ಬೆರಳು ತೋರಿಸಿತು. ಹಾಫ್‌ಕಿನ್ ಕೆಲಸ ಕಳೆದುಕೊಂಡು ಹಿಂತಿರುಗಬೇಕಾಯಿತು. ಆದರೆ ಸಾಕ್ಷ್ಯದ ಕಡತದಲ್ಲಿಯೇ ಒಂದು ಸಣ್ಣ ಸಂಗತಿ ಅಡಗಿತ್ತು. ಹಳ್ಳಿಯಲ್ಲಿ ಆ ಬುಡ್ಡಿಯ ಬಿರಡೆ ಕೀಳುವಾಗ ಸಹಾಯಕನ ಕೈಯಿಂದ ಇಕ್ಕುಳ ನೆಲಕ್ಕೆ ಬಿದ್ದಿತು. ಅವನು ಅದನ್ನೆತ್ತಿ ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಆಡಿಸಿ ಬಿರಡೆಯನ್ನು ಕಿತ್ತ. ಧನುರ್ವಾಯುವಿನ ಕ್ರಿಮಿ ದನ ಕರು ಓಡಾಡುವ ಮಣ್ಣಿನಲ್ಲಿ ಬೀಜರೂಪದಲ್ಲಿ ಮಲಗಿರುತ್ತದೆ. ಆ ಬೀಜಕ್ಕೆ ಕಾರ್ಬಾಲಿಕ್ಕಿನ ಅರೆಗಳಿಗೆಯ ಸ್ನಾನ ಲೆಕ್ಕಕ್ಕೇ ಇಲ್ಲ. ಕುದಿಯುವ ನೀರಿನಲ್ಲಿಯೂ ಅದು ಒಮ್ಮೊಮ್ಮೆ ಬದುಕಿ ಉಳಿಯುವುದರಿಂದಲೇ ಇಂದು ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಮುಚ್ಚಿದ ಪಾತ್ರೆಯ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಬೇಯಿಸುವುದು. ನಮ್ಮ ಅಡಿಗೆಮನೆಯ ಕುಕ್ಕರೂ ಆ ಯಂತ್ರವೂ ಒಂದೇ ಮನೆತನದವು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಹಾಫ್‌ಕಿನ್ ನಿರಪರಾಧಿಯೆಂದು ವಾದಿಸಿದರು. ಆ ವರ್ಷವೇ ಅವನ ಮೇಲಿನ ಆರೋಪ ಕಳೆಯಿತು. ಮುಂಬಯಿಯ ಆ ಪ್ರಯೋಗಶಾಲೆಗೆ 1925ರಲ್ಲಿ ಅವನ ಹೆಸರನ್ನೇ ಇಟ್ಟರು. ಅವನು ಕಳೆದುಕೊಂಡ ಐದು ವರ್ಷಗಳನ್ನು ಯಾರು ಕೊಡಬಲ್ಲರು? ಆ ಹತ್ತೊಂಬತ್ತು ಜನರ ಮಾತಂತೂ ದೂರವೇ ಉಳಿಯಿತು.

ಇಲ್ಲಿ ನಮ್ಮ ಮಡಿಯ ವಿಷಯ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಮಡಿ ಪಂಚೆ ನೆಲಕ್ಕೆ ಬಿದ್ದರೆ ಮತ್ತೆ ಒಗೆಯಬೇಕೆಂಬ ಶಿಸ್ತು ನಮ್ಮ ಮನೆಗಳಲ್ಲಿತ್ತು. ಮಲ್ಕೊವಾಲಿನ ಇಕ್ಕುಳಕ್ಕೆ ಬೇಕಾಗಿದ್ದದ್ದು ಅಂಥದೇ ಶಿಸ್ತು. ಆದರೆ ನಮ್ಮ ಮಡಿ ಯಾರು ಮುಟ್ಟಿದರು ಎಂದು ಕೇಳುತ್ತದೆ. ಆಸ್ಪತ್ರೆಯ ಮಡಿ ಏನು ಮುಟ್ಟಿತು ಎಂದು ಕೇಳುತ್ತದೆ. ಬಾಣಂತಿಯನ್ನು ಮೈಲಿಗೆಯೆಂದು ಹತ್ತು ದಿನ ಮೂಲೆಯಲ್ಲಿ ಕೂರಿಸಿದೆವು. ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲನ್ನು ಕುದಿಸಿದ್ದೀರಾ ಎಂದು ಸೂಲಗಿತ್ತಿಯನ್ನು ಕೇಳಲಿಲ್ಲ. ಹುಟ್ಟಿದ ವಾರದೊಳಗೆ ಮೊಲೆ ಹಿಡಿಯಲಾರದೆ ಸೆಟೆದು ಸತ್ತ ಹಸುಗೂಸುಗಳಿಗೆ ಗ್ರಹ ಬಡಿಯಿತೆಂದು ಅತ್ತೆವು. ಅದೂ ಅದೇ ಧನುರ್ವಾಯು. ಬಸುರಿಯರಿಗೆ ಲಸಿಕೆ, ಶುದ್ಧವಾದ ಹೆರಿಗೆ, ಹೊಸ ಬ್ಲೇಡು ಇವುಗಳಿಂದ ಅದನ್ನು ಒತ್ತಿ ಒತ್ತಿ, ಭಾರತದಲ್ಲಿ ಅದು ನಿವಾರಣೆಯಾದ ಮಟ್ಟಕ್ಕೆ ಇಳಿದಿದೆಯೆಂದು ಸಾರಲು 2015ನೆಯ ಇಸವಿಯೇ ಬರಬೇಕಾಯಿತು.

ಸೋಂಕು ರೋಗಿಯಿಂದ ಆರೈಕೆ ಮಾಡುವವರ ಮೇಲೂ ತಿರುಗುತ್ತದೆ. ಇದಕ್ಕೆ ಗಾಂಧೀಜಿ ಕಣ್ಣಾರೆ ಕಂಡ ಸಾಕ್ಷಿ. 1904ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಗಣಿಯ ಕೂಲಿಗಳಿಗೆ ಪ್ಲೇಗು ತಗಲಿದಾಗ, ಅವರೂ ಜೊತೆಗಾರರೂ ರೋಗಿಗಳನ್ನು ಖಾಲಿ ಗೋದಾಮಿನಲ್ಲಿ ಮಲಗಿಸಿ ಶುಶ್ರೂಷೆ ಮಾಡಿದರು. ಅದು ಗಡ್ಡೆಯ ಪ್ಲೇಗಲ್ಲ, ಶ್ವಾಸಕೋಶದ್ದು. ಚಿಗಟದ ಹಂಗಿಲ್ಲದೆ ಕೆಮ್ಮಿನ ಹನಿಯಲ್ಲಿಯೇ ಹಾರುವಂಥದು. ಪುರಸಭೆ ಒಬ್ಬ ದಾದಿಯನ್ನು ಕಳಿಸಿತು. ದಾದಿ ಆಗಾಗ ಬ್ರಾಂದಿ ಕುಡಿಯುವುದೇ ರಕ್ಷೆಯೆಂದು ನಂಬಿದ್ದಳು. ಗಾಂಧೀಜಿ ಅದನ್ನು ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ ಆಕೆ ಅದೇ ರೋಗದಿಂದ ಸತ್ತಳು. ಗಾಂಧೀಜಿ ಉಳಿದರು. ಇದರಿಂದ ಬ್ರಾಂದಿಯ ವಿಷಯಕ್ಕೆ ತೀರ್ಮಾನ ಹೇಳುವುದು ಸರಿಯಲ್ಲ. ಮುಖಕ್ಕೆ ಬಟ್ಟೆಯ ಮರೆಯೂ ನಂಬುವಂಥ ಔಷಧವೂ ಇಲ್ಲದ ಕಾಲದಲ್ಲಿ ಉಳಿಯುವುದೂ ಅಳಿಯುವುದೂ ಅದೃಷ್ಟದ ಮಾತಾಗಿತ್ತು.

ಮುಂದೆ ಈ ಅಹಮದಾಬಾದಿನಲ್ಲಿ 1917ರಲ್ಲಿ ಕೊಚರಬದ ಕಡೆ ಪ್ಲೇಗು ಬಂದದ್ದರಿಂದಲೇ ಆಶ್ರಮ ಸಾಬರಮತಿಯ ದಂಡೆಗೆ ಹೋಯಿತು. ಊರು ಖಾಲಿಯಾಗತೊಡಗಿದಾಗ ಗಿರಣಿಯ ಮಾಲಿಕರು ನೇಯ್ಗೆಯವರನ್ನು ನಿಲ್ಲಿಸಿಕೊಳ್ಳಲು ಪ್ಲೇಗ್ ಬೋನಸ್ ಕೊಟ್ಟರು. ಅದನ್ನು ನಿಲ್ಲಿಸಿದ್ದೇ 1918ರ ಪ್ರಸಿದ್ಧ ಮುಷ್ಕರಕ್ಕೆ ಕಾರಣ. ಪುರಸಭೆಯ ನೈರ್ಮಲ್ಯ ಸಮಿತಿಯ ಅಧ್ಯಕ್ಷರಾಗಿದ್ದ ವಲ್ಲಭಭಾಯಿ ಪಟೇಲರು ಊರು ಬಿಡದೆ ಬೀದಿ ಸುತ್ತಿದರು.

ಎಪ್ಪತ್ತೇಳು ವರ್ಷಗಳ ಅನಂತರ, 1994ರ ಸೆಪ್ಟೆಂಬರಿನಲ್ಲಿ, ಸೂರತ್ತಿನಲ್ಲಿ ಮತ್ತೆ ಶ್ವಾಸಕೋಶದ ಪ್ಲೇಗಿನ ಕೂಗೆದ್ದಿತು. ಲಕ್ಷಗಟ್ಟಲೆ ಜನ ರೈಲು ಬಸ್ಸು ಹತ್ತಿದರು. ಖಾಸಗಿ ವೈದ್ಯರಲ್ಲಿಯೂ ಬಹಳ ಮಂದಿ ದವಾಖಾನೆಗೆ ಬೀಗ ಹಾಕಿ ಹೊರಟರೆಂದು ಅಂದಿನ ಪತ್ರಿಕೆಗಳು ಬರೆದವು. ಸರಕಾರಿ ಸಿವಿಲ್ ಆಸ್ಪತ್ರೆಯ ಎಳೆಯ ವೈದ್ಯರೂ ದಾದಿಯರೂ ವಾರ್ಡು ಬಿಡಲಿಲ್ಲ. ಜೊಹಾನ್ಸ್‌ಬರ್ಗಿನ ದಾದಿಗೆ ಇಲ್ಲದಿದ್ದ ಎರಡು ವಸ್ತುಗಳು ಅವರ ಬಳಿ ಇದ್ದವು: ಮೂಗುಬಾಯಿಗೆ ಕಟ್ಟುವ ಮುಖವಾಡ, ಟೆಟ್ರಾಸೈಕ್ಲಿನ್ ಗುಳಿಗೆ. ದೇಶದಲ್ಲೆಲ್ಲ ಸತ್ತವರು ಐವತ್ತಾರು ಮಂದಿ; ಜನ ಹೆದರಿದ್ದಕ್ಕೆ ಹೋಲಿಸಿದರೆ ಕಡಮೆಯೇ.

ಕೊನೆಗೆ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದ ಸಂಗತಿ. ನಮ್ಮಲ್ಲಿ ವಯಸ್ಸಾದವರಿಗೆ ಗಾಜಿನ ಸಿರಿಂಜು ನೆನಪಿರಬೇಕು: ಚಪ್ಪಟೆಯ ಡಬ್ಬಿ, ಕೆಳಗೆ ಸ್ಪಿರಿಟ್ಟಿನ ಉರಿ, ಕುದಿಯುವ ನೀರಿನಲ್ಲಿ ಕಿಣಿಕಿಣಿ ಎನ್ನುವ ಸೂಜಿಗಳು, ಸರದಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡೇ ಅಳುವ ಮಕ್ಕಳು. ಜನ ಹೆಚ್ಚಾದ ದಿನ ಕಾಂಪೌಂಡರು ಕುದಿಸುವ ಹೊತ್ತನ್ನು ಕಡಮೆ ಮಾಡುತ್ತಿದ್ದುದೂ ಉಂಟು. ಆಮೇಲೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜು ಬಂದಾಗ ಇನ್ನು ಚಿಂತೆ ತೀರಿತೆಂದುಕೊಂಡೆವು. ಕುದಿಸಿದರೆ ಸೊಟ್ಟಗಾಗುವ ವಸ್ತು ಅದು. ಬಿಸಾಡದೆ ಮತ್ತೆ ಬಳಸಿದರೆ ಗಾಜಿನದಕ್ಕಿಂತ ಕೇಡು.

2009ರ ಫೆಬ್ರವರಿಯಲ್ಲಿ ನಮ್ಮ ಊರಿನ ಈಶಾನ್ಯಕ್ಕೆ ನೂರು ಕಿಲೋಮೀಟರಿನಷ್ಟು ದೂರದ ಮೊಡಾಸಾದಲ್ಲಿ, ಆಗ ಸಾಬರಕಾಂಠಾ ಜಿಲ್ಲೆಗೆ ಸೇರಿದ್ದ ಊರದು, ಜನಕ್ಕೆ ಕಾಮಾಲೆ ಹತ್ತಿತು. ನೀರಿನಿಂದ ಬರುವ ಕಾಮಾಲೆಯಲ್ಲ. ರಕ್ತದಿಂದ ರಕ್ತಕ್ಕೆ ಹೋಗುವ ಹೆಪಟೈಟಿಸ್ ಬಿ. ನೂರಾರು ಮಂದಿ ಮಲಗಿದರು, ಹತ್ತಾರು ಮಂದಿ ಸತ್ತರು. ಜ್ವರವೆಂದೋ ಶೀತವೆಂದೋ ದವಾಖಾನೆಗೆ ಹೋಗಿ ಚುಚ್ಚಿಸಿಕೊಂಡವರು ಅವರು. ಬಳಸಿದ ಸಿರಿಂಜುಗಳೇ ಮತ್ತೆ ಮತ್ತೆ ಮೈಯಿಂದ ಮೈಗೆ ಹೋಗಿದ್ದವೆಂದು ತನಿಖೆಯಲ್ಲಿ ಹೊರಬಿದ್ದಿತು. ಕೆಲವರು ವೈದ್ಯರನ್ನು ಬಂಧಿಸಿದರು. ಶೋಧ ನಡೆಸಿದಾಗ ಉಪಯೋಗಿಸಿದ ಸಿರಿಂಜುಗಳು ಗುಜರಿಗೆ ಮಾರಾಟವಾಗಿ ಮೂಟೆಗಟ್ಟಲೆ ಕೂಡಿಬಿದ್ದದ್ದೂ ಸಿಕ್ಕಿತು. ಆಸ್ಪತ್ರೆಯ ಕಸವನ್ನು ಹೇಗೆ ವಿಲೇವಾರಿ ಮಾಡಬೇಕೆಂಬ ನಿಯಮಗಳು 1998ರಲ್ಲಿಯೇ ಬಂದಿದ್ದವು. ಹನ್ನೊಂದು ವರ್ಷ ಅವು ಕಾಗದದಲ್ಲಿ ಮಡಿಯಾಗಿದ್ದವು.

ಮಲ್ಕೊವಾಲಿನ ಸಹಾಯಕನಿಗೆ ಗೊತ್ತಿರಲಿಲ್ಲವೆಂದಾದರೂ ಹೇಳಬಹುದು. ಮೊಡಾಸಾದಲ್ಲಿ ಗೊತ್ತಿಲ್ಲದವರು ಯಾರಿದ್ದರು? ಕೆಲವು ರೂಪಾಯಿಗಳ ಉಳಿತಾಯ, ಚುಚ್ಚಿದರೆ ಮಾತ್ರ ಡಾಕ್ಟರು ಎನ್ನುವ ನಮ್ಮ ಹಟ, ಎರಡೂ ಸೇರಿದವು. ಗುಳಿಗೆಯಲ್ಲಿ ಹೋಗುವ ಜ್ವರಕ್ಕೆ ಸೂಜಿ ಬೇಡಿದ ತಪ್ಪು ರೋಗಿಗಳದೂ ಹೌದು ಎನ್ನುವುದು ಕಠಿಣವಾದ ಮಾತು. ಆದರೂ ನಮ್ಮ ಮನೆಗಳಲ್ಲಿಯೂ ಆ ಹಟವಿದೆಯಾದ್ದರಿಂದ ಆಡಿದ್ದೇನೆ.

ಲಸಿಕೆಯ ಕೆಲಸಕ್ಕೆ ಈಗ ಬೇರೆ ಬಗೆಯ ಸಿರಿಂಜು ಬಂದಿದೆ. ಒಮ್ಮೆ ಒತ್ತಿದರೆ ಒಳಗಿನ ದಂಡ ಸಿಕ್ಕಿಕೊಂಡು ಮತ್ತೆ ಹಿಂದಕ್ಕೆ ಬಾರದು. ಎರಡನೆಯವರಿಗೆ ಚುಚ್ಚಬೇಕೆಂದರೂ ಆಗದು. ಮನುಷ್ಯನ ನಿಯತ್ತನ್ನು ನಂಬಿ ನಂಬಿ ಸೋತವರು ಕಂಡುಹಿಡಿದ ಉಪಾಯವಿರಬೇಕು. ಮೊನ್ನೆ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಹೋಗಿದ್ದಾಗ ನೋಡಿದೆ. ಗುಜರಾತಿ ದಾದಿ ಕೈ ತೊಳೆದು ಬಂದಳು, ನಮ್ಮ ಎದುರಿಗೇ ಲಕೋಟೆ ಹರಿದಳು, ಚುಚ್ಚಿದಳು, ಮೇಜಿನ ಮೇಲಿದ್ದ ಪುಟ್ಟ ಯಂತ್ರದ ತೂತಿನಲ್ಲಿ ಸೂಜಿಯನ್ನಿಟ್ಟು ಟಕ್ಕೆಂದು ಕತ್ತರಿಸಿದಳು. ಉಳಿದ ಪ್ಲಾಸ್ಟಿಕ್ಕು ಕೆಂಪು ಚೀಲಕ್ಕೆ ಹೋಯಿತು. ಅಳುತ್ತಿದ್ದ ಮಗು ಆ ಟಕ್ಕೆಂಬ ಸದ್ದಿಗೆ ಅಳು ನಿಲ್ಲಿಸಿ, "ಅಜ್ಜಾ, ಇನ್ನೊಮ್ಮೆ ಮಾಡಲಿ" ಎಂದಿತು. ಇನ್ನೊಮ್ಮೆ ಮಾಡಲು ಬರುವುದಿಲ್ಲ ಮಗು, ಅದಕ್ಕೇ ಕತ್ತರಿಸಿದ್ದು ಎಂದೆ.